ಬೊರೊಡಿನೊ: ಅಪ್ಪಣೆ ಯಾರದು, ಹೊಣೆ ಯಾರದು?

ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಸಂಸಾರಗಳ ಕಥೆಗಾಗಿ ಓದುವವರು ಬೊರೊಡಿನೊ ಕದನದ ಪುಟಗಳನ್ನು ಹಾರಿಸಿಬಿಡುವುದುಂಟು. ಕಾದಂಬರಿಯ ತಿರುಳಿರುವುದು ಅಲ್ಲಿಯೇ. 1812ರ ಸೆಪ್ಟೆಂಬರ್ 7ರಂದು ಮಾಸ್ಕೋದಿಂದ ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್ ದೂರದಲ್ಲಿ ನೆಪೋಲಿಯನ್ ಮತ್ತು ಕುಟುಜೋವ್‌ರ ಸೈನ್ಯಗಳು ಸೆಣಸಿದವು. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು ಸುಮಾರು 70,000 ಮಂದಿ.

ಕ್ರಿಮಿಯಾ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ ಟಾಲ್‌ಸ್ಟಾಯ್ 1867ರಲ್ಲಿ ಈ ರಣಭೂಮಿಯನ್ನು ಖುದ್ದಾಗಿ ಸುತ್ತಿ ನೋಡಿದ್ದರು. ನೆಪೋಲಿಯನ್ನನ ಲಿಖಿತ ಅಪ್ಪಣೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾವುದೂ ಜಾರಿಗೆ ಬರಲಿಲ್ಲವೆಂದು ಅವರು ತೋರಿಸುವ ರೀತಿ ಸೊಗಸು. ಮೇಲಿನ ಆಜ್ಞೆ ಕೆಳಗಿಳಿಯುವಷ್ಟರಲ್ಲಿ ಏನಾಗುತ್ತದೆಂಬುದು ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ಹೊಸದಲ್ಲ.

ಮುಂದೆ ಅವರು ಚರಿತ್ರೆಗೆ ಕ್ಯಾಲ್ಕುಲಸ್‌ನ ಹೋಲಿಕೆ ಕೊಡುತ್ತಾರೆ: ಅಸಂಖ್ಯ ಜನರ ಅತಿಸೂಕ್ಷ್ಮ ಇಚ್ಛೆಗಳನ್ನು ಕೂಡಿಸಿದರೆ ಚರಿತ್ರೆಯ ನಿಯಮ ಸಿಕ್ಕೀತು ಎಂದು. ಬಿ.ಎಸ್ಸಿ.ಯಲ್ಲಿ ಓದಿದ ಅಲ್ಪ ಗಣಿತದ ಬಲದಿಂದ ಒಂದು ಮಾತು ಹೇಳಬಹುದು. ಹಾಗೆ ಕೂಡಿಸುವಾಗ ಪ್ರತಿ ಅಂಶದ ತೂಕವೂ ಒಂದೇ ಆಗಿರಬೇಕಿಲ್ಲ. ಗಾರ್ಡ್ ಪದಾತಿ ಪಡೆಯನ್ನು ಅಂದು ಕಣಕ್ಕಿಳಿಸದಿರುವ ತೀರ್ಮಾನ ನೆಪೋಲಿಯನ್ನನದೇ. ರಷ್ಯಾದ ಮೇಲೆ ದಂಡೆತ್ತಿ ಬಂದದ್ದೂ ಅವನ ಅಪ್ಪಣೆಯಿಂದಲೇ.

ನಾಯಕನನ್ನು ಚರಿತ್ರೆಯ ಕೈಗೊಂಬೆಯೆಂದರೆ ಅವನ ಗರ್ವ ಇಳಿಯುತ್ತದೆ, ನಿಜ. ಜೊತೆಗೆ ಹೊಣೆಯೂ ಇಳಿದುಹೋಗುತ್ತದೆ. ಕದನದ ಕೊನೆಯಲ್ಲಿ ಅವನ ಅಂತಃಸಾಕ್ಷಿಗೇ ಮಬ್ಬು ಕವಿದಿತ್ತೆಂದು ಖಂಡಿಸುವ ಟಾಲ್‌ಸ್ಟಾಯ್‌ಗೆ ತಮ್ಮ ವಾದ ತಮಗೇ ಸಾಲದಾಯಿತೆಂದು ಕಾಣುತ್ತದೆ. ಕೈಗೊಂಬೆಗೆ ಅಂತಃಸಾಕ್ಷಿ ಎಲ್ಲಿಯದು? ಇಲ್ಲಿ ಸಿದ್ಧಾಂತಿ ಸೋತಿದ್ದಾನೆ, ಕಾದಂಬರಿಕಾರ ಗೆದ್ದಿದ್ದಾನೆ. ಓದುಗರಿಗೆ ಲಾಭವೇ.