ಉಗ್ರಾಣದ ಗೋಡೆ, ಕ್ವಾರ್ಟರ್ಸಿನ ಗೋಡೆ

ದಿಲ್ಲಿಯಲ್ಲಿ ಕಲೆ ನೋಡಬೇಕಾದರೆ ಜೈಪುರ ಹೌಸಿಗೋ ಮಂಡಿ ಹೌಸಿಗೋ ಹೋಗಬೇಕೆಂಬುದು ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಈಚಿನ ವರ್ಷಗಳಲ್ಲಿ ಬೇರೆ ಎರಡು ಠಾವುಗಳು ಹೆಸರು ಮಾಡಿವೆ. ಒಂದು, ಛತರ್‌ಪುರದ ಧಾನ್ ಮಿಲ್ ಆವರಣ. ಇನ್ನೊಂದು, ಲೋಧಿ ಕಾಲೊನಿ. ಎರಡಕ್ಕೂ ಮೆಟ್ರೋದ ಹಳದಿ ಮಾರ್ಗವೇ ಸಾಕು. ಒಂದೇ ಭಾನುವಾರ ಎರಡನ್ನೂ ನೋಡಿ ಬಂದೆವು. ಮೊದಲನೆಯದರ ಬಗೆಗೆ ನಮಗೆ ತಕರಾರುಂಟು, ಎರಡನೆಯದರ ಬಗೆಗೆ ಅಭಿಮಾನ; ಆ ಅಭಿಮಾನದೊಳಗೂ ಒಂದು ತಕರಾರು ಸೇರಿಕೊಂಡಿದೆ.

ಧಾನ್ ಎಂದರೆ ಭತ್ತ. ಹೆಸರೇ ಹೇಳುವಂತೆ ಅದು ಹಿಂದೆ ಕಾಳುಕಡಿ ಕೂಡಿಡುತ್ತಿದ್ದ ಗೋದಾಮುಗಳ ಆವರಣ. ಈಗ ಅಲ್ಲಿ ಉಡುಪಿನ ಮಳಿಗೆಗಳು, ಪೀಠೋಪಕರಣದ ಅಂಗಡಿಗಳು, ಕಾಫಿಖಾನೆಗಳು, ನಡುವೆ ಚಿತ್ರಶಾಲೆಗಳು. ಹಳೆಯ ಕಟ್ಟಡವನ್ನು ಕೆಡವಿ ಗಾಜಿನ ಪೆಟ್ಟಿಗೆ ಕಟ್ಟದೆ ಉಳಿಸಿಕೊಂಡದ್ದು ಮೆಚ್ಚತಕ್ಕದ್ದೇ. ಆದರೆ ಉಗ್ರಾಣದಲ್ಲಿ ಉಳಿದದ್ದು ಮಾಡು ಮತ್ತು ಗೋಡೆ ಮಾತ್ರ. ಇಲ್ಲಿ ಮೂಟೆ ಹೊತ್ತವರು ಯಾರು, ಧಾನ್ಯ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಎಂಬ ಪ್ರಶ್ನೆ ಕೇಳುವ ಚಿತ್ರವೊಂದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಕಲೆ ಅಲ್ಲಿ ಅಂಗಡಿಯ ತೋರಣವಾಗಿದೆ. ಪ್ರವೇಶಕ್ಕೆ ಟಿಕೆಟ್ಟಿಲ್ಲ, ನಿಜ. ಆದರೆ ಬೆಲೆಚೀಟಿಯನ್ನು ಮೆಲ್ಲನೆ ತಿರುಗಿಸಿ ಓದಿ, ವಸ್ತುವನ್ನು ಮೊದಲಿದ್ದಂತೆಯೇ ಇಟ್ಟು ಬರುವ ಕಲೆಯಲ್ಲಿ ನಮ್ಮಂಥ ತಿಂಗಳ ಸಂಬಳದವರು ಪಳಗಿರಬೇಕು.

ಲೋಧಿ ಕಾಲೊನಿಯ ಮಾತೇ ಬೇರೆ. 1940ರ ದಶಕದಲ್ಲಿ ಬ್ರಿಟಿಷ್ ಸರಕಾರ ತನ್ನ ನೌಕರರಿಗೆ ಕಟ್ಟಿಸಿದ ಕ್ವಾರ್ಟರ್ಸು ಅದು. ಅಗಲವಾದ ಬೀದಿ, ಎತ್ತರದ ಗೋಡೆ, ಒಳಗಿನ ಬಯಲಿಗೆ ದಾರಿ ಬಿಡುವ ಕಮಾನು. ಖನ್ನಾ ಮಾರ್ಕೆಟ್ಟಿಗೂ ಮೆಹರ್ ಚಂದ್ ಮಾರ್ಕೆಟ್ಟಿಗೂ ನಡುವಿನ ಈ ಗೋಡೆಗಳ ಮೇಲೆ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನದವರು 2016ರ ಸುಮಾರಿಗೆ ಭಿತ್ತಿಚಿತ್ರ ಬರೆಯಿಸತೊಡಗಿದರು. ಈಗ 50ಕ್ಕೂ ಹೆಚ್ಚು ಗೋಡೆಗಳಾಗಿವೆ. ಐಟಿಒ ಬಳಿ, ಆಗಿನ ಪೊಲೀಸ್ ಕೇಂದ್ರ ಕಚೇರಿಯ ಮೇಲೆ, ಸುಮಾರು 150 ಅಡಿ ಎತ್ತರದ ಗಾಂಧೀಜಿಯನ್ನು 2014ರಲ್ಲಿ ಜರ್ಮನಿಯ ಹೆಂಡ್ರಿಕ್ ಬೈಕಿರ್ಶ್ ಮತ್ತು ನಮ್ಮ ದೇಶದ ಅನ್ಪು ವರ್ಕಿ ಅವರಿಂದ ಬರೆಯಿಸಿದವರೂ ಇವರೇ. ಬಸ್ಸಿನಲ್ಲಿ ಆ ದಾರಿ ಹಿಡಿದು ಕಚೇರಿಗೆ ಹೋಗುವವರಿಗೆ ಅದು ಹಳೆಯ ಪರಿಚಯ.

ಲೋಧಿಯ ಚಿತ್ರಗಳೆಲ್ಲ ಒಂದೇ ತೂಕದವಲ್ಲ. ಕೆಲವರು ಗೋಡೆಯನ್ನು ದೊಡ್ಡ ಕಾಗದವೆಂದೇ ಭಾವಿಸಿ, ಎಲ್ಲಾದರೂ ಬರೆಯಬಹುದಾದ ಹೂವನ್ನೋ ಹಕ್ಕಿಯನ್ನೋ ತಂದು ಇಲ್ಲಿ ಅಂಟಿಸಿದ್ದಾರೆ. ಅಂಥ ಕಡೆ ಕಮಾನು ಚಿತ್ರಕ್ಕೆ ಬಿದ್ದ ತೂತಿನಂತೆ ಕಾಣುತ್ತದೆ. ಕಮಾನನ್ನು ಮೊದಲು ನೋಡಿ ಆಮೇಲೆ ಕುಂಚ ಎತ್ತಿದವರ ಗೋಡೆ ಹಾಗಲ್ಲ. ಅಲ್ಲಿ ಹಾಲಿನ ಕ್ಯಾನು ಹಿಡಿದು ಒಳಗೆ ಹೋಗುವವನೂ ಚಿತ್ರದ ಪಾತ್ರವಾಗುತ್ತಾನೆ.

ನಮಗೆ ಅತ್ಯಂತ ಹಿಡಿಸಿದ್ದು ಬಣ್ಣವನ್ನೇ ನಂಬದ ಒಂದು ಕೃತಿ. ಡಾಕು ಎಂಬ ಗುಪ್ತನಾಮದ ಕಲಾವಿದ 2016ರಲ್ಲಿ ಗೋಡೆಯಿಂದ ಹೊರಚಾಚಿದ ಅಕ್ಷರಗಳನ್ನು ಜೋಡಿಸಿದ. ಓದಬೇಕಾದದ್ದು ಅಕ್ಷರಗಳನ್ನಲ್ಲ, ಬಿಸಿಲಿನಲ್ಲಿ ಅವು ಚೆಲ್ಲುವ ನೆರಳನ್ನು. ಕಾಲ ಎಲ್ಲವನ್ನೂ ಬದಲಿಸುತ್ತದೆಂಬುದು ಅದರ ವಸ್ತು. ವಿಜ್ಞಾನ ಓದಿದ ಚಾಳಿಯಿಂದ ನಾವು ಲೆಕ್ಕ ಹಾಕಿದೆವು: ದಿಲ್ಲಿಯ ನಡುಹಗಲ ಸೂರ್ಯ ಜೂನ್ ಕೊನೆಯಲ್ಲಿ ಕ್ಷಿತಿಜದಿಂದ ಸುಮಾರು 85 ಡಿಗ್ರಿ ಎತ್ತರ, ಡಿಸೆಂಬರಿನಲ್ಲಿ ಬರೇ 38. ಜೂನಿನ ನೆರಳು ಡಿಸೆಂಬರಿಗಿಲ್ಲ. ಮೋಡದ ದಿನ ಗೋಡೆ ಮೌನ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಹೇಳಿದ ಕೃತಿಯನ್ನು ನಾವು ಬೇರೆ ಕಂಡಿಲ್ಲ.

ಪ್ರತಿಷ್ಠಾನದ ಸ್ಥಾಪಕರಲ್ಲೊಬ್ಬರಾದ ಹನೀಫ್ ಕುರೇಶಿ 2024ರ ಸೆಪ್ಟೆಂಬರಿನಲ್ಲಿ ಅಕಾಲದಲ್ಲಿ ತೀರಿಕೊಂಡರು. ಬೀದಿಯ ನಾಮಫಲಕ ಬರೆಯುವ ಪೇಂಟರುಗಳ ಕೈಬರಹವನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಿದವರು ಅವರು. ನಮ್ಮೂರ ಹೋಟೆಲು, ಲಾರಿ, ಟೆಂಟ್ ಸಿನೆಮಾಗಳ ಮೇಲೆ ಕನ್ನಡ ಬರೆದ ಕೈಗಳಿಗೂ ಇಂಥವರೊಬ್ಬರು ಬೇಕಿತ್ತು.

ಇನ್ನು ನಮ್ಮ ತಕರಾರು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆ ತುಂಬ 1780ರ ಪೊಲ್ಲಿಲೂರು ಯುದ್ಧವಿದೆ. ಟಿಪ್ಪುವಿನ ಅರಮನೆ, ಟಿಪ್ಪುವಿನ ಗೆಲುವು. ಗೋಡೆಯ ಒಡೆಯ ಯಾರೆಂಬ ಸಂದೇಹವಿಲ್ಲ. ಲೋಧಿಯಲ್ಲಿ ಗೋಡೆ ಸರಕಾರದ್ದು, ಚಿತ್ರ ಕಲಾವಿದನದು, ಮನೆಯೊಳಗೆ ಅನ್ನ ಬೇಯಿಸುವವರು ಅಲಾಟ್‌ಮೆಂಟಿನವರು. ನಿವೃತ್ತಿಯಾದರೆ ಬೀಗದ ಕೈ ಒಪ್ಪಿಸಿ ಹೊರಡಬೇಕಾದವರು. ಅವರ ಬಟ್ಟೆಹಗ್ಗದ ಮುಂದೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಜೋಡಿಗಳು ಬರುತ್ತವೆ. ಕ್ಯಾಮೆರಾದವನು ಹಗ್ಗವನ್ನು ಚೌಕಟ್ಟಿನಿಂದ ಹೊರಗಿಡಲು ಹೆಣಗುತ್ತಾನೆ. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಲ್ಲಿ ಬದುಕಿ ಹೋದ ಗುಮಾಸ್ತರು, ಟೈಪಿಸ್ಟರು, ಅವರ ಮಕ್ಕಳು ಗೋಡೆಗಳಲ್ಲಿ ಎಲ್ಲಿದ್ದಾರೆಂದು ಹುಡುಕಿದೆವು. ಜಗತ್ತಿನ ಹತ್ತೆಂಟು ದೇಶಗಳ ಕನಸುಗಳಿವೆ, ಅವರು ಸಿಗಲಿಲ್ಲ.

ಇದು ಬರೀ ಭಾವುಕತೆಯಲ್ಲ. 2016ರ ಜುಲೈನಲ್ಲಿ ಕೇಂದ್ರ ಸಂಪುಟ ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮುಂತಾದ 7 ಸರಕಾರಿ ಕಾಲೊನಿಗಳ ಪುನರ್ನಿರ್ಮಾಣಕ್ಕೆ ಒಪ್ಪಿತು. 12,970 ಹಳೆಯ ಮನೆಗಳಿಗೆ ಬದಲು ಸುಮಾರು 25,667 ಹೊಸವು ಎಂಬುದು ಯೋಜನೆ. ನವರೋಜಿ ನಗರದಲ್ಲಂತೂ ಮನೆಗಳ ಬದಲು ವಾಣಿಜ್ಯ ಕೇಂದ್ರವೇ ಎದ್ದಿತು. ಮನೆ ಹೆಚ್ಚಾದರೆ ನೌಕರರಿಗೆ ಒಳ್ಳೆಯದೇ. ಆದರೆ ನಮ್ಮ ಸಂಘದ ಎಷ್ಟೋ ಮನೆಯ ಮಕ್ಕಳು ಅಂಥ ಅಂಗಳಗಳಲ್ಲಿ ಲಗೋರಿ ಆಡಿದವರು. ಇಂದು ಮೊಮ್ಮಕ್ಕಳಿಗೆ ತೋರಿಸಲು ಅಂಗಳವಿಲ್ಲ. ಲೋಧಿ ಆ ಏಳರ ಪಟ್ಟಿಯಲ್ಲಿಲ್ಲ. ನಿಂತಿರುವ ಗೋಡೆಯಲ್ಲಾದರೂ ಆ ಬದುಕು ದಾಖಲಾಗಬಹುದಿತ್ತು.

ಹೀಗಿದ್ದರೂ ನೋಡಬೇಕಾದದ್ದು ಲೋಧಿಯನ್ನೇ. ಜೋರ್ ಬಾಗ್ ನಿಲ್ದಾಣದಲ್ಲಿ ಇಳಿದು, ಬಿಸಿಲೇರುವ ಮೊದಲು, ಮಕ್ಕಳನ್ನು ಕರೆದುಕೊಂಡು ನಡೆಯಿರಿ. ಕಮಾನಿನ ಬಳಿ ಯಾರಾದರೂ ಹಿರಿಯರು ಕುರ್ಚಿ ಹಾಕಿ ಕುಳಿತಿದ್ದರೆ, ಚಿತ್ರ ಬರುವ ಮುಂಚೆ ಈ ಗೋಡೆ ಹೇಗಿತ್ತೆಂದು ಕೇಳಿರಿ.