ತೊಳೆದ ಪಾದ, ದಾಟದ ಹೊಸ್ತಿಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಪಾದ ತೊಳೆಯುವುದು ಹೊಸ ಸಂಗತಿಯೇನಲ್ಲ. ಅಯ್ಯನವರು ಮನೆಗೆ ಬಂದರೆ ಪಾದ ತೊಳೆದು ಆ ನೀರನ್ನು ಭಕ್ತಿಯಿಂದ ಸೇವಿಸುತ್ತಾರೆ. ಅಷ್ಟಾವರಣದಲ್ಲಿ ಪಾದೋದಕವೂ ಒಂದು. ಹನ್ನೆರಡನೇ ಶತಮಾನದಲ್ಲಿ ಜಂಗಮನ ಜಾತಿ ಕೇಳುವುದೇ ಪಾಪವಾಗಿತ್ತು. ಈಗ ಜಂಗಮವೇ ಒಂದು ಜಾತಿ. ಆ ಪಾದಗಳು ನಮ್ಮ ಕೇರಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಕೆಥೊಲಿಕ್ ಸನ್ಯಾಸಿ ಸಂಘಗಳಲ್ಲಿ ಈ ಆಚರಣೆ ತಿರುವುಮುರುವಾಗಿದೆ. ಆರನೇ ಶತಮಾನದ ಸಂತ ಬೆನೆಡಿಕ್ಟನ ನಿಯಮದ ಪ್ರಕಾರ ಅತಿಥಿಯ ಪಾದವನ್ನು ಮಠಾಧಿಪತಿಯೇ ತೊಳೆಯಬೇಕು. ಪವಿತ್ರ ಗುರುವಾರದಂದು ಪಾದ್ರಿ ಭಕ್ತರ ಕಾಲ ಬಳಿ ಕೂಡುತ್ತಾನೆ. ಮೇಲಿನವನು ಬಾಗುತ್ತಾನೆ. ಇದನ್ನು ಕಂಡು ನಮ್ಮ ಕೆಲ ಗೆಳೆಯರು, 'ನೋಡ್ರಿ, ಸಮಾನತೆ ಅಂದ್ರ ಇದು' ಅಂತಾರೆ. ಅಷ್ಟು ಅವಸರ ಬೇಡ.

ಹದಿನೇಳನೇ ಶತಮಾನದ ನಡುವೆ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ ಆರಂಭಿಸಿದ. ಮದುರೆಯಲ್ಲಿ ಡಿ ನೊಬಿಲಿ ಹಾಕಿಕೊಟ್ಟ ದಾರಿಯಂತೆ ಈ ಪಾದ್ರಿಗಳು ಸನ್ಯಾಸಿ ವೇಷ ತೊಟ್ಟರು. ಮೇಲ್ಜಾತಿಯವರು ದೂರವಾದಾರೆಂಬ ಅಂಜಿಕೆಯಿಂದ ಅಸ್ಪೃಶ್ಯರ ಮನೆಯೊಳಗೆ ಕಾಲಿಡಲು ಹಿಂಜರಿದರು. ಸಾಯುವವನಿಗೆ ಕೊನೆಯ ಸಂಸ್ಕಾರ ಬೇಕಿದ್ದರೆ ಅವನನ್ನೇ ಹೊತ್ತು ತರಬೇಕಿತ್ತು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಪಾಂಡಿಚೇರಿಯಲ್ಲಿ ಆಜ್ಞೆ ಹೊರಡಿಸಿ, ಪರೆಯರ ಮನೆಗೇ ಹೋಗಿ ಸಂಸ್ಕಾರ ಕೊಡಬೇಕೆಂದ. ನಲವತ್ತು ವರ್ಷ ವಾದ ನಡೆಯಿತು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಪೋಪರು ತೀರ್ಪು ಕೊಟ್ಟಾಗ ಸಿಕ್ಕ ಪರಿಹಾರವೇನು? ಪರೆಯರಿಗಾಗಿಯೇ ಬೇರೆ ಪಾದ್ರಿಗಳು! ಹೊಸ್ತಿಲು ದಾಟುವ ಕಾಲಿಗೂ ಜಾತಿ ಬಂತು.

ಈ ಚರಿತ್ರೆಯನ್ನು ಎತ್ತಿಕೊಂಡು ಮತಾಂತರವಾದ ದಲಿತರನ್ನು ಹಂಗಿಸುವವರ ಜೊತೆ ನಾನಿಲ್ಲ. ನನ್ನ ವಾದ ಬೇರೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಸಿಖ್ ದಲಿತರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಜಾಗ ಸಿಕ್ಕಿತು. ಕ್ರೈಸ್ತ ದಲಿತರು ಇನ್ನೂ ಹೊರಗೇ ಇದ್ದಾರೆ. ಕರ್ನಾಟಕದಲ್ಲಿ ಅವರನ್ನು ಹಿಂದುಳಿದವರ ಪ್ರವರ್ಗ ಒಂದರಲ್ಲಿ ಇಟ್ಟಿದ್ದಾರೆ. ಆ ಧರ್ಮದಲ್ಲಿ ಅಸ್ಪೃಶ್ಯತೆ ಇಲ್ಲವಲ್ಲ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಹಾಗಾದರೆ 1744ರಲ್ಲಿ ಬೇರೆ ಪಾದ್ರಿಗಳು ಯಾಕೆ ಬೇಕಾಗಿದ್ದರು?

ಭಕ್ತಿಯ ಆಚರಣೆಗಳನ್ನು ಅವುಗಳ ಸಂಕೇತದ ಚೆಲುವಿನಿಂದಷ್ಟೇ ಅಳೆಯುವುದು ನಮ್ಮ ವಿಮರ್ಶೆಯ ದೊಡ್ಡ ಸೋಲು. ಪಾದೋದಕವಿರಲಿ, ಪವಿತ್ರ ಗುರುವಾರವಿರಲಿ, ದಲಿತ ವಿಮರ್ಶೆ ಕೇಳಬೇಕಾದದ್ದು ಮರುದಿನದ ಪ್ರಶ್ನೆಯನ್ನು. ಊಟಕ್ಕೆ ಯಾರ ಮಗ್ಗುಲಿಗೆ ಯಾರು ಕೂತರು? ಹೆಣ ಎಲ್ಲಿ ಹುಗಿದರು? ನಮ್ಮ ಕೇರಿಯ ಒಬ್ಬ ಮುದುಕಿಗೆ ಈ ಪಾದ ತೊಳೆಯುವ ಕತೆ ಹೇಳಿದೆ. ಪೂರ್ತಿ ಕೇಳಿ ಅಂದಳು: 'ಛಲೋ ಆತು ಬಿಡೊ ತಮ್ಮಾ. ಕಾಲು ನಾವೇ ತೊಳಕೊಂತೀವಿ. ಮನಿಗೆ ಬಂದು ಒಂದು ಕಪ್ ಚಾ ಕುಡದು ಹೋಗಂತ ಹೇಳು.'