ಗದಾಯುದ್ಧದಿಂದ ‘ಕುರುಕ್ಷೇತ್ರ’ಕ್ಕೆ: ಮಹಾಲಿಂಗಪುರ ಪರಿಸರದ ಪ್ರೇಕ್ಷಕಾಭಿಪ್ರಾಯಗಳ ವಿವೇಚನೆ

1

ಕೃತಿಯೊಂದನ್ನು ಆಧರಿಸಿದ ಚಲನಚಿತ್ರ ತೆರೆಗೆ ಬಂದಾಗಲೆಲ್ಲ ಅದು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ ಎಂಬ ಪ್ರಶ್ನೆ ಏಳುವುದು ವಾಡಿಕೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ (1972) ಚಿತ್ರದ ಸಂದರ್ಭದಲ್ಲಿ ಇದು ದೊಡ್ಡ ಚರ್ಚೆಯನ್ನೇ ಹುಟ್ಟುಹಾಕಿತ್ತು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿಂದ ರೂಪುಗೊಂಡ ‘ಮಯೂರ’ (1975) ಚಿತ್ರವನ್ನೂ ಈ ದೃಷ್ಟಿಯಿಂದ ಪರಿಶೀಲಿಸಬಹುದು. ಹೊರಜಗತ್ತಿನಲ್ಲಿ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ 2001ರಿಂದ 2003ರವರೆಗೆ ಮೂರು ಚಿತ್ರಗಳಾಗಿ ಬಂದಾಗ, ಟಾಮ್ ಬಾಂಬಡಿಲ್ ಎಂಬ ಪಾತ್ರವನ್ನು ಕೈಬಿಟ್ಟುದನ್ನು ಕುರಿತು ಓದುಗರು ಆಕ್ಷೇಪ ಎತ್ತಿದ್ದರು. ಈ ಬಗೆಯ ಚರ್ಚೆಗಳಿಗೆಲ್ಲ ಒಂದು ಸಮಾನ ಆಧಾರವಿದೆ. ಆಕ್ಷೇಪಿಸುವವನು ಮೂಲವನ್ನು ಓದಿರುತ್ತಾನೆ. ಓದಿದ ಪುಟ ಅವನ ಕೈಯಲ್ಲಿನ ಅಳತೆಗೋಲು.

ಆದರೆ ಮೂಲಕೃತಿಯನ್ನು ಓದದಿದ್ದರೂ ಆ ಕಥೆಯನ್ನು ತನ್ನದೆಂದೇ ಬಲ್ಲ ಪ್ರೇಕ್ಷಕ ಸಮುದಾಯವೊಂದು ಚಿತ್ರದ ಎದುರು ಕುಳಿತಾಗ ಏನಾಗುತ್ತದೆ? ಅದು ಯಾವ ಮೂಲವನ್ನಿಟ್ಟುಕೊಂಡು ಅಳೆಯುತ್ತದೆ? ರನ್ನನ ‘ಗದಾಯುದ್ಧ’ವನ್ನು ಆಧರಿಸಿದುದೆಂದು ಪ್ರಚುರಪಡಿಸಲಾದ ‘ಮುನಿರತ್ನ ಕುರುಕ್ಷೇತ್ರ’ (2019) ಚಿತ್ರವನ್ನು ಕುರಿತು ರನ್ನನ ನೆಲದಲ್ಲಿಯೇ ಕೇಳಿಬಂದ ಅಭಿಪ್ರಾಯಗಳ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿನ ಮೂಲ ಕಾದಂಬರಿಯಲ್ಲ, ಚಂಪೂಕಾವ್ಯ. ಆದುದರಿಂದ ಓದಿನ ಮೂಲಕ್ಕೂ ಕೇಳ್ವಿಯ ಮೂಲಕ್ಕೂ ಇರುವ ಅಂತರ ಇಲ್ಲಿ ಮತ್ತಷ್ಟು ಸ್ಪಷ್ಟವಾಗಿ ಕಾಣುತ್ತದೆ.

2

ಹಿಂದೆ ನರಗಟ್ಟಿ ಎಂಬ ಹೆಸರಿದ್ದ ಮಹಾಲಿಂಗಪುರವು ಮಹಾಲಿಂಗೇಶ್ವರನ ಕ್ಷೇತ್ರವಾಗಿ, ಬೆಲ್ಲದ ಪೇಟೆಯಾಗಿ, ನೇಕಾರರ ಊರಾಗಿ ಪ್ರಸಿದ್ಧವಾದುದು. ರನ್ನನ ಹುಟ್ಟೂರು ಮುದುವೊಳಲು, ಎಂದರೆ ಇಂದಿನ ಮುಧೋಳ. ಸಮೀಪದ ಬೆಳಗಲಿಗೂ ‘ರನ್ನ ಬೆಳಗಲಿ’ ಎಂಬ ಹೆಸರು ನಿಂತಿದೆ. ಬಳೆಗಾರ ಮನೆತನದಲ್ಲಿ ಹುಟ್ಟಿ ಚಾಲುಕ್ಯ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದವನ ಬಗ್ಗೆ ಇಲ್ಲಿನ ಜನರಿಗೆ ಅಭಿಮಾನವಿರುವುದು ಸಹಜ. ಆದರೆ ಆ ಅಭಿಮಾನಕ್ಕೂ ಅವನ ಕಾವ್ಯದ ಪರಿಚಯಕ್ಕೂ ನಡುವೆ ಸಾವಿರ ವರ್ಷಗಳ ಭಾಷೆಯ ಕಂದಕವಿದೆ. ಶಾಲೆ ಕಾಲೇಜುಗಳ ಪಠ್ಯದಲ್ಲಿ ಬಂದ ಕೆಲವು ಪದ್ಯಗಳ ಆಚೆಗೆ ಗದಾಯುದ್ಧ ಇಲ್ಲಿನ ಬಹುಜನರನ್ನು ಮುಟ್ಟಿಲ್ಲ.

ಹಾಗೆಂದು ಭಾರತದ ಕಥೆ ಅವರಿಗೆ ಅಪರಿಚಿತವೆಂದಲ್ಲ. ಅದು ಅವರಿಗೆ ಬಂದಿರುವುದು ದೊಡ್ಡಾಟದ ಅಟ್ಟದಿಂದ, ಗುಡಿಯ ಪುರಾಣಶ್ರವಣದಿಂದ, ಶ್ರೀಕೃಷ್ಣ ಪಾರಿಜಾತದಿಂದ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ, ಕೌಜಲಗಿ ನಿಂಗಮ್ಮನಂತಹ ಕಲಾವಿದೆಯಿಂದ ಮನೆಮಾತಾದ ಪಾರಿಜಾತದ ಸೀಮೆ ಇದು. ಕೃಷ್ಣ, ದುರ್ಯೋಧನ, ಭೀಮ, ದ್ರೌಪದಿ ಇವರೆಲ್ಲ ಇಲ್ಲಿ ಮೊದಲು ಪುಸ್ತಕದ ಪಾತ್ರಗಳಲ್ಲ, ‘ಸೋಗು’ಗಳು. ಯಾವ ಊರಿನವರು ಯಾವ ಸೋಗನ್ನು ಕಟ್ಟುತ್ತಿದ್ದರೆಂಬ ನೆನಪಿನೊಂದಿಗೇ ಆ ಪಾತ್ರಗಳೂ ಹಿರಿಯರ ಮನಸ್ಸಿನಲ್ಲಿ ಉಳಿದಿವೆ.

ಚಿತ್ರ ಬಿಡುಗಡೆಯಾದ ದಿನವೂ ಗಮನಾರ್ಹವಾದುದು. 2019ರ ಆಗಸ್ಟ್ 9ರಂದು ‘ಕುರುಕ್ಷೇತ್ರ’ ತೆರೆಕಂಡಾಗ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬಾಗಲಕೋಟೆ ಜಿಲ್ಲೆಯ ನದಿದಂಡೆಯ ಊರುಗಳು ಜಲಾವೃತವಾಗಿದ್ದವು. ಮುಧೋಳ, ಜಮಖಂಡಿ ತಾಲೂಕುಗಳ ಅನೇಕ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿದ್ದವು. ರನ್ನನ ಹೆಸರನ್ನು ಹೊತ್ತ ಚಿತ್ರ ರಾಜ್ಯದಾದ್ಯಂತ ಸಂಭ್ರಮದಿಂದ ತೆರೆಕಂಡ ದಿನ ರನ್ನನ ನಾಡು ನೀರಿನಲ್ಲಿ ನಿಂತಿತ್ತು. ಹೀಗಾಗಿ ಈ ಭಾಗದ ಅನೇಕರು ಚಿತ್ರವನ್ನು ನೋಡಿದ್ದು ಆನಂತರ, ಕೆಲವರು ಚಿತ್ರಮಂದಿರದಲ್ಲಿ, ಹೆಚ್ಚಿನವರು ದೂರದರ್ಶನದ ಪರದೆಯಲ್ಲಿ ಅಥವಾ ಮೊಬೈಲಿನಲ್ಲಿ. ಅವರ ಅಭಿಪ್ರಾಯಗಳನ್ನು ಅರ್ಥೈಸುವಾಗ ಈ ಸನ್ನಿವೇಶವನ್ನು ಮರೆಯುವಂತಿಲ್ಲ.

3

ರನ್ನನ ಕಾವ್ಯದ ವಸ್ತು ಯುದ್ಧದ ಕೊನೆಯ ದಿನ. ಹತ್ತು ಆಶ್ವಾಸಗಳ ಈ ಕೃತಿಯಲ್ಲಿ ಹಿಂದಿನ ಕಥೆಯೆಲ್ಲ ಸಿಂಹಾವಲೋಕನ ಕ್ರಮದಿಂದ, ಪಾತ್ರಗಳ ಮಾತಿನೊಳಗೇ ಬಂದುಹೋಗುತ್ತದೆ. ‘ಸಾಹಸಭೀಮ ವಿಜಯ’ ಎಂಬ ಹೆಸರೇ ಹೇಳುವಂತೆ ಭೀಮ ಇಲ್ಲಿನ ನಾಯಕ; ಆಶ್ರಯದಾತನಾದ ಸತ್ಯಾಶ್ರಯ ಇರಿವಬೆಡಂಗನನ್ನು ಕವಿ ಅವನೊಂದಿಗೆ ಸಮೀಕರಿಸುತ್ತಾನೆ. ಕಾವ್ಯದ ಕೊನೆಗೆ ಪಟ್ಟಾಭಿಷೇಕವಾಗುವುದೂ ಧರ್ಮರಾಯನಿಗಲ್ಲ, ಭೀಮನಿಗೆ. ಆದರೂ ಓದುಗನ ಮನಸ್ಸನ್ನು ಹಿಡಿಯುವವನು ದುರ್ಯೋಧನ. ಸಂಜಯನೊಂದಿಗೆ ಅವನು ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ನಿಲ್ಲುತ್ತಾನೆ. ಮಗ ಲಕ್ಷಣಕುಮಾರನನ್ನು ಕಂಡು, ಮಗನಿಂದ ತಂದೆಗೆ ಸಲ್ಲಬೇಕಾದ ಕ್ರಿಯೆ ತಿರುವುಮುರುವಾದುದಕ್ಕೆ ಮರುಗುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಸಾಹಸವನ್ನೂ ತಲೆಬಾಗಿ ಗೌರವಿಸುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ನಾಟಕವಾಗಿ ರೂಪಿಸಿದುದಕ್ಕೂ, ಆಧುನಿಕ ವಿಮರ್ಶೆ ದುರ್ಯೋಧನನನ್ನು ದುರಂತನಾಯಕನೆಂದು ಚರ್ಚಿಸಿದುದಕ್ಕೂ ಈ ಭಾಗವೇ ಮುಖ್ಯ ಪ್ರೇರಣೆ.

ನಾಗಣ್ಣ ನಿರ್ದೇಶನದ, ಜೆ.ಕೆ. ಭಾರವಿ ಅವರು ಬರೆದ ಚಿತ್ರದ ವಿನ್ಯಾಸ ಇದಕ್ಕಿಂತ ಭಿನ್ನವಾದುದು. ಒಂದು ದಿನದ ಕಥೆಯ ಬದಲು ಅದು ದ್ಯೂತದಿಂದ ಮಹಾಯುದ್ಧದವರೆಗಿನ ಕಥೆಯನ್ನು ಸರಿಸುಮಾರು ಮೂರು ಗಂಟೆಗಳಲ್ಲಿ ಹೇಳುತ್ತದೆ. ದುರ್ಯೋಧನನಾಗಿ ದರ್ಶನ್, ಕರ್ಣನಾಗಿ ಅರ್ಜುನ್ ಸರ್ಜಾ, ಕೃಷ್ಣನಾಗಿ ವಿ. ರವಿಚಂದ್ರನ್, ಭೀಷ್ಮನಾಗಿ ಅಂಬರೀಶ್, ಅಭಿಮನ್ಯುವಾಗಿ ನಿಖಿಲ್ ಕುಮಾರಸ್ವಾಮಿ, ದ್ರೌಪದಿಯಾಗಿ ಸ್ನೇಹಾ ಅಭಿನಯಿಸಿದ್ದಾರೆ. 2018ರ ನವೆಂಬರಿನಲ್ಲಿ ನಿಧನರಾದ ಅಂಬರೀಶ್ ಅವರ ಪಾತ್ರವನ್ನು ಪ್ರೇಕ್ಷಕರು ಮರಣೋತ್ತರವಾಗಿ ಕಂಡರು. ಚಿತ್ರ ಮೂರು ಆಯಾಮದ ರೂಪದಲ್ಲಿಯೂ ಬಂತು. ರನ್ನ ಒಂದು ದಿನಕ್ಕೆ ಕೊಟ್ಟ ಅವಕಾಶವನ್ನು ಚಿತ್ರ ಒಂದು ತಲೆಮಾರಿನ ಕಥೆಗೆ ಹಂಚಿದುದರಿಂದ, ಕಾವ್ಯದ ಜೀವಾಳವಾದ ರಣಭೂಮಿಯ ನಡಿಗೆ ಹಿಂದೆ ಸರಿದು ಸಭೆ, ಶಪಥ, ಸಮರಗಳು ಮುಂದೆ ಬಂದಿವೆ.

4

ಕ್ಷೇತ್ರಕಾರ್ಯದ ಆರಂಭದಲ್ಲಿ ನಾನು ಸಿದ್ಧಪಡಿಸಿಕೊಂಡಿದ್ದ ಮೊದಲ ಪ್ರಶ್ನೆ, ‘ಚಿತ್ರ ರನ್ನನ ಕಾವ್ಯಕ್ಕೆ ನಿಷ್ಠವಾಗಿದೆಯೆ?’ ಎಂಬುದು. ಈ ಪ್ರಶ್ನೆಗೆ ಬಹುತೇಕ ಮೌನವೇ ಉತ್ತರವಾಗಿತ್ತು. ಕೆಲವರು ಸಂಕೋಚದಿಂದ, ಅದನ್ನೆಲ್ಲ ಓದಿದವರು ಹೇಳಬೇಕು ಎಂದರು. ಅದೇ ಜನ ಪ್ರಶ್ನೆಪತ್ರಿಕೆಯನ್ನು ಮಡಚಿಟ್ಟ ಮೇಲೆ ಚಿತ್ರದ ಬಗ್ಗೆ ಗಂಟೆಗಟ್ಟಲೆ ಮಾತನಾಡಿದರು. ಮೌನಕ್ಕೆ ಕಾರಣ ಅವರ ಅಜ್ಞಾನವಲ್ಲ, ನನ್ನ ಪ್ರಶ್ನೆಯ ಸ್ವರೂಪ ಎಂಬುದನ್ನು ಒಪ್ಪಿಕೊಳ್ಳಬೇಕಾಯಿತು. ಆ ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದು ಸೋಗಿನ ಒಪ್ಪಿಗೆ. ದುರ್ಯೋಧನ ಹೇಗಿದ್ದಾನೆ ಎಂದು ಕೇಳಿದರೆ ಅಭಿನಯದ ಸೂಕ್ಷ್ಮತೆಗಿಂತ ಮೊದಲು ಬರುವ ಮಾತು ಸೋಗು ಒಪ್ಪಿತೋ ಇಲ್ಲವೋ ಎಂಬುದು. ಮೈಕಟ್ಟು, ನಿಲುವು, ಕಿರೀಟ ಭುಜಕೀರ್ತಿಗಳ ಭಾರವನ್ನು ಹೊರುವ ಗತ್ತು, ಗದೆಯನ್ನು ಹಿಡಿಯುವ ರೀತಿ, ಧ್ವನಿಯ ತೂಕ ಇವೆಲ್ಲ ಸೇರಿ ಈ ಒಪ್ಪಿಗೆ ಸಿದ್ಧವಾಗುತ್ತದೆ. ದರ್ಶನ್ ಅವರ ದುರ್ಯೋಧನ ಈ ಪರೀಕ್ಷೆಯಲ್ಲಿ ಗೆದ್ದನೆಂಬುದು ಅಭಿಮಾನಿಗಳ ಮಾತು ಮಾತ್ರವಲ್ಲ, ಚಿತ್ರದ ಉಳಿದ ಅಂಶಗಳನ್ನು ಒಪ್ಪದ ಹಿರಿಯರದೂ ಹೌದು. ಪರಭಾಷೆಯ ನಟರು ವಹಿಸಿದ ಪಾತ್ರಗಳಲ್ಲಿ ಮೈ ಒಂದು, ದನಿ ಒಂದು ಎನಿಸಿತೆಂಬ ಆಕ್ಷೇಪಕ್ಕೂ ಇದೇ ಆಧಾರ. ದೊಡ್ಡಾಟದಲ್ಲಿ ಕುಣಿದವನೇ ಮಾತನಾಡಬೇಕು. ಎರಡೂ ಒಂದೇ ದೇಹದಿಂದ ಹೊರಡದಿದ್ದರೆ ಸೋಗು ನಿಲ್ಲದು.

ಎರಡನೆಯದು ಪಾತ್ರಪ್ರವೇಶ. ದೊಡ್ಡಾಟದಲ್ಲಿ ರಾಜವೇಷ ಒಡ್ಡೋಲಗದೊಂದಿಗೆ ಬರುತ್ತದೆ; ಸಾರಥಿ ‘ನೀವು ಯಾರು’ ಎಂದು ಕೇಳುತ್ತಾನೆ, ವೇಷಧಾರಿ ತನ್ನ ಕುಲ, ಬಿರುದು, ಪರಾಕ್ರಮಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ತಾರಾನಟನ ಪ್ರವೇಶಕ್ಕೆ ಚಿತ್ರ ಕೊಡುವ ವೈಭವವನ್ನು ನಗರದ ವಿಮರ್ಶೆ ಅತಿರೇಕವೆಂದು ಎಣಿಸಬಹುದು. ಆದರೆ ಅಟ್ಟದ ಆಟವನ್ನು ಬಲ್ಲವರಿಗೆ ಅದು ಪರಿಚಿತ ವಿಧಿ. ಅವರ ತಕರಾರು ಬೇರೆಯದು. ದುರ್ಯೋಧನನಿಗೆ ಸಂದ ಒಡ್ಡೋಲಗ ಭೀಮನಿಗೆ ಸಲ್ಲಲಿಲ್ಲ. ಸರಿಸಮ ಎದುರಾಳಿಯಿಲ್ಲದ ಗದಾಯುದ್ಧ ರಂಗೇರುವುದು ಹೇಗೆ ಎಂಬುದು ಅವರ ವಾದ. ಸಾಹಸಭೀಮನ ಕಾವ್ಯವನ್ನು ಓದದವರು ಎತ್ತಿದ ಈ ಆಕ್ಷೇಪ ಓದಿದವರು ಎತ್ತಬೇಕಾದುದೇ ಆಗಿದೆ.

ಮೂರನೆಯದು ಕೃಷ್ಣ. ಈ ಪಾತ್ರದ ಬಗ್ಗೆ ಅಭಿಪ್ರಾಯಭೇದ ಹೆಚ್ಚು. ಪಾರಿಜಾತದ ಕೃಷ್ಣ ಭಾಮೆಯ ಮುನಿಸಿಗೆ ಹೆದರುವವನು, ಮಾತಿಗೆ ಮಾತು ಹೆಣೆಯುವವನು. ದೇವರಾಗಿದ್ದೂ ಮನೆಯ ಗಂಡಸಿನಂತೆ ಸಿಕ್ಕಿಬೀಳುವವನು. ಆ ಕೃಷ್ಣನನ್ನು ಕಂಡವರಿಗೆ ಚಿತ್ರದ ಕೃಷ್ಣ ಗಂಭೀರನಾಗಿ, ದೂರದವನಾಗಿ ತೋರಿದುದು ಸಹಜವೇ. ಕಿರಿಯ ಪ್ರೇಕ್ಷಕರ ಅಳತೆಗೋಲು ದೂರದರ್ಶನದ ಮಹಾಭಾರತ ಧಾರಾವಾಹಿ. ಕನ್ನಡಕ್ಕೆ ಡಬ್ ಆದ ರೂಪದಲ್ಲಿ ಅದು 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಮನೆಯನ್ನು ತಲಪಿತ್ತು. ಒಂದೇ ಮನೆಯ ಅಜ್ಜ ಮೊಮ್ಮಗ ಒಂದೇ ಕೃಷ್ಣನನ್ನು ಎರಡು ಬೇರೆ ಮೂಲಗಳಿಂದ ಅಳೆಯುವ ಸ್ಥಿತಿ ಇದು.

ಹಳೆಯ ಮೈಸೂರು ಭಾಗದಲ್ಲಿ ಕುರುಕ್ಷೇತ್ರ ನಾಟಕದ ಪರಂಪರೆ ಬಲವಾದುದು. ಅಲ್ಲಿ ಊರಿನವರೇ ಹಣ ತೆತ್ತು ಪಾತ್ರ ಪಡೆದು, ಹಾರ್ಮೋನಿಯಂ ಮಾಸ್ತರರಿಂದ ಕಂದಪದ್ಯಗಳನ್ನು ಕಲಿತು ಆಡುತ್ತಾರೆ. ಚಿತ್ರದ ಸಂಭಾಷಣೆಯ ಧಾಟಿ ಆ ರಂಗಭೂಮಿಗೆ ಹತ್ತಿರ. ಉತ್ತರದ ದೊಡ್ಡಾಟದ ಕಿವಿಗೆ ಅದು ಅರ್ಥವಾದರೂ ತನ್ನದೆನಿಸಲಿಲ್ಲ. ಭಾಷೆ ಶುದ್ಧವಾಗಿದೆ, ಆದರೆ ನಮ್ಮ ಕಡೆಯದಲ್ಲ ಎಂಬ ಮಾತಿನಲ್ಲಿ ಈ ಪ್ರಾದೇಶಿಕ ಅಂತರ ಧ್ವನಿತವಾಗಿದೆ. ರನ್ನ ನಮ್ಮವನು ಎಂಬ ಅಭಿಮಾನದ ಪಕ್ಕದಲ್ಲಿಯೇ ಈ ಮಾತು ಬರುವುದರಿಂದ ಅದರಲ್ಲಿ ಸಣ್ಣ ನೋವೂ ಇದೆ.

5

ಮೇಲಿನ ಅಭಿಪ್ರಾಯಗಳಿಗಿಂತ ಭಿನ್ನವಾದುದೊಂದು ಮಾತನ್ನು ಇಲ್ಲಿ ಪ್ರತ್ಯೇಕವಾಗಿ ದಾಖಲಿಸಬೇಕು. ಘಟಪ್ರಭೆಯ ದಂಡೆಯ ಊರೊಂದರ ವಯಸ್ಸಾದ ಮಹಿಳೆಯೊಬ್ಬರಿಗೆ ಚಿತ್ರದ ಯುದ್ಧದೃಶ್ಯಗಳು ಹಿಡಿಸಲಿಲ್ಲ. ಪ್ರವಾಹದಲ್ಲಿ ಮನೆ ಕಳೆದುಕೊಂಡಿದ್ದ ಅವರು, ಸತ್ತವರನ್ನು ಯಾರೂ ನಿಂತು ನೋಡಲಿಲ್ಲವಲ್ಲ, ಅಳಲಿಕ್ಕೂ ಪುರುಸೊತ್ತು ಕೊಡಲಿಲ್ಲವಲ್ಲ ಎಂಬ ಅರ್ಥದ ಮಾತನ್ನಾಡಿದರು. ನೀರು ಇಳಿದ ಮೇಲೆ ಊರಿಗೆ ಮರಳಿ, ಕುಸಿದ ಗೋಡೆಗಳ ನಡುವೆ ತಮ್ಮದು ಯಾವುದೆಂದು ಹುಡುಕುತ್ತ ನಡೆದವರು ಅವರು. ಅವರಿಗೆ ಅಕ್ಷರ ಬಾರದು, ಗದಾಯುದ್ಧದ ಹೆಸರನ್ನೂ ಕೇಳಿದವರಲ್ಲ. ಆದರೆ ಚಿತ್ರದಲ್ಲಿ ಅವರು ಕಾಣದೆ ಕೊರಗಿದ್ದು ರನ್ನನ ಕಾವ್ಯದ ಹೃದಯಭಾಗವನ್ನೇ. ನಿಂತು ನೋಡುವುದು, ಹೆಸರು ಹಿಡಿದು ಮರುಗುವುದು, ಶತ್ರುವಿನ ಮಗನಿಗೂ ಕಣ್ಣೀರು ಹಾಕುವುದು ಆ ನಡಿಗೆಯ ಸಾರ.

ಈ ಮಾತನ್ನು ಆಕಸ್ಮಿಕವೆಂದು ಬದಿಗೆ ಸರಿಸುವುದು ಸುಲಭ. ಅದನ್ನು ಮುಂದಿಟ್ಟುಕೊಂಡು ಕಾವ್ಯದ ರಚನೆಯನ್ನೇ ಇನ್ನೊಮ್ಮೆ ನೋಡುವುದು ಹೆಚ್ಚು ಫಲಪ್ರದ ಎಂದು ನನಗೆ ತೋರುತ್ತದೆ. ರಾಜಾಶ್ರಯದ ಒತ್ತಾಯದಂತೆ ಭೀಮನನ್ನು ಗೆಲ್ಲಿಸಬೇಕಾಗಿದ್ದ ಕವಿ, ಸತ್ತವರ ಮುಂದೆ ನಿಲ್ಲುವ ಅವಕಾಶವನ್ನು ಸೋಲುವವನಿಗೆ ಕೊಟ್ಟ. ಹೆಣ್ಣುಮಕ್ಕಳ ಅಳುವ ಹಾಡುಗಳಲ್ಲಿ ಸತ್ತವರ ಗುಣವನ್ನು ಒಂದೊಂದಾಗಿ ಎಣಿಸಿ ಹೇಳುವ ಕ್ರಮವಿದೆ. ರನ್ನನ ದುರ್ಯೋಧನ ಒಂದೊಂದು ಕಳೇಬರದ ಮುಂದೆ ಮಾಡುವುದೂ ಅದನ್ನೇ. ಕವಿ ನೇರವಾಗಿ ಜನಪದದಿಂದ ಇದನ್ನು ತೆಗೆದುಕೊಂಡನೆಂದು ಸಾಧಿಸಲು ಆಧಾರ ಸಾಲದು. ಭಾಸ, ಭಟ್ಟನಾರಾಯಣ, ಪಂಪರ ಋಣವನ್ನು ವಿದ್ವಾಂಸರು ಈಗಾಗಲೇ ಗುರುತಿಸಿದ್ದಾರೆ. ಆದರೆ ಕೇಳುವವರ ಮನಸ್ಸಿನಲ್ಲಿ ಇವೆರಡೂ ಒಂದೇ ಜಾಗವನ್ನು ತಟ್ಟುತ್ತವೆ ಎನ್ನಲು ಅಡ್ಡಿಯಿಲ್ಲ.

ಚಿತ್ರದಲ್ಲಿಯೂ ದುರ್ಯೋಧನನೇ ಕೇಂದ್ರ. ಆದರೆ ಅವನನ್ನು ಕೇಂದ್ರಕ್ಕೆ ತಂದುದು ಮುಖ್ಯವಾಗಿ ತಾರಾಮೌಲ್ಯ. ಕಾವ್ಯದಲ್ಲಿ ಆ ಕೆಲಸ ಮಾಡಿದುದು ಶೋಕ. ಛಲ ಎರಡರಲ್ಲಿಯೂ ಇದೆ. ಛಲದ ಬೆಲೆಯನ್ನು ಒಂದೊಂದಾಗಿ ಎಣಿಸಿ ತೋರಿಸುವ ತಾಳ್ಮೆ ಚಿತ್ರಕ್ಕೆ ಕಡಿಮೆ. ಕರ್ಣನೊಂದಿಗಿನ ಗೆಳೆತನದ ಭಾಗ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದುದಕ್ಕೆ ಕಾರಣ, ಅಲ್ಲಿ ಮಾತ್ರ ಆ ತಾಳ್ಮೆ ಒಂದಿಷ್ಟು ಕಾಣುತ್ತದೆ ಎಂಬುದೇ ಇರಬೇಕು.

6

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ‘ಮೂಲ’ ಎಂಬುದು ಪ್ರೇಕ್ಷಕರಿಗೆ ಏಕಶಿಲೆಯಲ್ಲ. ಆಟ, ಪುರಾಣಶ್ರವಣ, ಧಾರಾವಾಹಿ, ಪಠ್ಯಪುಸ್ತಕ ಇವೆಲ್ಲ ಸೇರಿದ ಪದರುಗಳ ರಾಶಿ ಅದು. ಎರಡು, ಸೋಗು, ಗತ್ತು, ಒಡ್ಡೋಲಗ, ಮಾತು ಇವು ಜನಪದ ವಿಮರ್ಶೆಯ ಪರಿಭಾಷೆಗಳು. ಇವುಗಳಿಂದ ಚಲನಚಿತ್ರವನ್ನು ಅಳೆಯಲು ಸಾಧ್ಯ, ಜನ ಅಳೆಯುತ್ತಲೂ ಇದ್ದಾರೆ. ಮೂರು, ಓದದವರ ಅತೃಪ್ತಿ ಕೆಲವೊಮ್ಮೆ ಓದಿದವರ ವಿಮರ್ಶೆಗಿಂತ ಕೃತಿಯ ಮರ್ಮಕ್ಕೆ ಹತ್ತಿರವಿರುತ್ತದೆ.

ಒಂದು ಆತಂಕವನ್ನೂ ಇಲ್ಲಿ ಸೂಚಿಸಬೇಕು. ಈ ಪರಿಭಾಷೆಯನ್ನು ಸಲೀಸಾಗಿ ಬಳಸಿದವರು ಬಹುಮಟ್ಟಿಗೆ ಅರವತ್ತು ದಾಟಿದವರು. ಆಟ ಕಲಿಸುವ ಮಾಸ್ತರರು ವಿರಳವಾಗುತ್ತಿದ್ದಾರೆ. ವೇಷಭೂಷಣಗಳು ಅನೇಕ ಕಡೆ ಪೆಟ್ಟಿಗೆಗಳಲ್ಲಿಯೇ ಉಳಿದಿವೆ. ಆಟ ನಿಂತರೆ ಅದನ್ನು ಅಳೆಯುವ ಮಾತೂ ನಿಲ್ಲುತ್ತದೆ. ದೊಡ್ಡಾಟದ ಹಸ್ತಪ್ರತಿಗಳನ್ನು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ ಅದರ ಪ್ರೇಕ್ಷಕರ ಮಾತನ್ನೂ ಸಂಗ್ರಹಿಸುವುದು ಆದುದರಿಂದ ಅಗತ್ಯ. ಜೊತೆಗೆ, ರನ್ನನ ರಣಭೂಮಿಯ ನಡಿಗೆಯನ್ನು ಈ ಭಾಗದ ಕಲಾವಿದರು ತಮ್ಮದೇ ದೊಡ್ಡಾಟದ ಮಟ್ಟುಗಳಲ್ಲಿ ಅಟ್ಟಕ್ಕೆ ತಂದರೆ, ಕವಿಚಕ್ರವರ್ತಿಗೂ ಅವನ ನೆರೆಯವರಿಗೂ ನಡುವಿನ ಕಂದಕ ಒಂದಿಷ್ಟಾದರೂ ತುಂಬೀತು. ಆ ವೃದ್ಧೆ ಚಿತ್ರದಲ್ಲಿ ಹುಡುಕಿ ಕಾಣದೆ ಹೋದುದು ಆ ಆಟದಲ್ಲಿ ಅವರಿಗೆ ಸಿಗುವುದೇ ಎಂಬುದನ್ನು ಮುಂದಿನ ಅಧ್ಯಯನ ಪರಿಶೀಲಿಸಬೇಕಾಗಿದೆ.